ಒಗೆಯಬಾರದ ಮಕಮಲ್ಲು

ಇವತ್ತಿಗೂ ಮದುಮಗ ಕುದುರೆಯ ಮೇಲೆ ಬರುವುದನ್ನು ಕಂಡರೆ ನನ್ನ ಕಣ್ಣು ಅವನ ಮುಖಕ್ಕೆ ಹೋಗುವುದಿಲ್ಲ, ಕುದುರೆಯ ಬೆನ್ನಿನ ಬಟ್ಟೆಗೆ ಹೋಗುತ್ತದೆ. ಸಿಟ್ಟು ನೆತ್ತಿಗೇರುತ್ತದೆ. ಹೆಂಡತಿ ಮೊಣಕೈಯಲ್ಲಿ ತಿವಿದು, "ಊಟ ಮುಗಿಯೋವರೆಗಾದ್ರೂ ಬಾಯಿ ಮುಚ್ಕೊಂಡಿರಿ" ಅನ್ನುತ್ತಾಳೆ.

ತೊಂಬತ್ತರ ದಶಕದ ಕೊನೆಗೆ ನಾನು ಚನ್ನರಾಯಪಟ್ಟಣದ ಕಡೆ ಪಶುವೈದ್ಯನಾಗಿದ್ದೆ. ಆಟೋಗಳ ಕಾಟಕ್ಕೆ ಜಟಕಾ ಮಾರಿದ್ದ ಒಬ್ಬಾತ ತನ್ನ ಬಿಳಿ ಹೆಣ್ಣು ಕುದುರೆಯನ್ನು ಮದುವೆ ಮೆರವಣಿಗೆಗೆ ಬಿಡುತ್ತಿದ್ದ. ಅದಕ್ಕೆ ಕಜ್ಜಿ ಹತ್ತಿತ್ತು. ಬೆನ್ನು, ಕುತ್ತಿಗೆಯ ಕೂದಲೆಲ್ಲ ಉದುರಿ ಚರ್ಮ ಹಕ್ಕಳೆಗಟ್ಟಿತ್ತು. ಅದರ ಮೇಲೆ ಕಪ್ಪಗೆ ಏನೋ ಮೆತ್ತಿತ್ತು.

"ಸುಟ್ಟ ಆಯಿಲ್ಲು ಸಾ. ಲಾರಿ ಗ್ಯಾರೇಜಿಂದ ತಂದು ಅಚ್ಚಿವ್ನಿ. ಉಳ ಸಾಯ್ತವೆ ಅಂದ್ರು."

"ಇದೇನು ಲಾರಿಯೇನಯ್ಯಾ? ಹುಳ ಸಾಯೋಕೆ ಮುಂಚೆ ಕುದುರೆ ಸಾಯುತ್ತೆ!"

ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿಗಳು ಹರಿದಾಡುತ್ತಿದ್ದವು. ಕೂದಲು ಕತ್ತರಿಸಿ, ಬೆಚ್ಚನೆಯ ನೀರಿನಲ್ಲಿ ಎಣ್ಣೆ ತೊಳೆದು, ಹಕ್ಕಳೆ ನೆನೆಸಿ ತೆಗೆದು, ಗಂಧಕದ ಔಷಧಿ ಹಚ್ಚಿದೆ. ನುಸಿಗೆಂದು ಬಾಯಿಗೂ ಔಷಧಿ ಹಾಕಿದೆ. ಲಾಯ ತೊಳೆ, ಉಜ್ಜುವ ಬ್ರಷ್ಷು ಕುದಿಸು ಅಂದೆ. ಪಾಪ, ಹೇಳಿದ್ದೆಲ್ಲ ಮಾಡಿದ. ಕುದುರೆ ವಾಸಿಯಾಯಿತು, ಮತ್ತೆ ಕಜ್ಜಿಯಾಯಿತು. ಮತ್ತೆ ಔಷಧಿ, ಮತ್ತೆ ಕಜ್ಜಿ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

"ಇನ್ನೊಂದ್ ದಪ ಕಜ್ಜಿ ತಿರುಗ್ತು ಅಂದ್ರೆ ಆಸನದ ರೋಡಲ್ಲಿ ಬುಟ್ಬುಟ್ಟು ಬತ್ತೀನಿ ಸಾ. ಕಜ್ಜಿ ಕುದ್ರೆ ಯಾರ್ ಮದುವೆಗೆ ಬೇಕು?" ಅಂದ. ಜಟಕಾ ಕಾಲದಿಂದ ಅವನ ಮನೆಗೆ ಅನ್ನ ಹಾಕಿದ ಪ್ರಾಣಿ ಅದು. ಹಾಸನದ ರಸ್ತೆಯ ಲಾರಿಗಳ ನಡುವೆ ಅದರ ಗತಿ ಏನಾಗುತ್ತದೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತಡೆಯಲಾರದೆ ಅವನ ಮನೆಗೇ ಹೋದೆ. ಲಾಯ ಚೊಕ್ಕಟವಾಗಿತ್ತು. ಒಳಗೆ, ದೇವರ ಪಟದ ಕೆಳಗೆ, ಕುದುರೆಗೆ ಹೊದಿಸುವ ಕೆಂಪು ಮಕಮಲ್ಲಿನ ಜೂಲು ಮಡಿಸಿಟ್ಟಿತ್ತು. ಜರಿ ಅಂಚು, ಮೇಲೊಂದು ಮಲ್ಲಿಗೆ ಹೂ. ಬಿಡಿಸಿದರೆ ಒಳಮೈಗೆಲ್ಲ ಬಿಳಿ ಕೂದಲು, ಹಕ್ಕಳೆ. ಮೇಲೆ ಥಳಕು, ಒಳಗೆ ಹುಳುಕು!

"ಇದನ್ನ ಒಗೆದು ಯಾವ ಕಾಲವಾಯ್ತು?"

ಅವನು ಕೆನ್ನೆ ಬಡಿದುಕೊಂಡ. "ಬುಡ್ತು ಅನ್ನಿ ಸಾ! ಮದುವೆ ಗಂಡು ಕುಂತ ಬಟ್ಟೆ. ಲಗ್ನದ ಕಾಲ ಮುಗಿಯೋಗಂಟ ನೀರು ಮುಟ್ಟಿಸಂಗಿಲ್ಲ. ಒಗುದ್ರೆ ಲಚ್ಮಿ ಒಂಟೋಯ್ತಾಳೆ."

ಬೈದೆ. ಕಾಲೊಂದು ಹಿಡಿಯಲಿಲ್ಲ, ಅಷ್ಟು ಬೇಡಿಕೊಂಡೆ. ಹೂಂ ಹೂಂ ಅಂದವನು ಜೂಲನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಅಲ್ಲೇ ಇಟ್ಟ.

ಅದಾದ ಮೇಲೆ ಅರಕಲಗೂಡಿನಲ್ಲಿ ನನ್ನ ಅಕ್ಕನ ಮಗಳ ಮದುವೆ. ಗಂಡಿನ ಕಡೆಯವರಿಗೆ ಕುದುರೆ ಮೆರವಣಿಗೆಯ ಆಸೆ. ಸಂಜೆ ವಾಲಗದ ಹಿಂದೆ ಬಂತು ನೋಡಿ, ಅದೇ ಬಿಳಿ ಕುದುರೆ, ಅದೇ ಕೆಂಪು ಮಕಮಲ್ಲು. ಛತ್ರದ ಚಪ್ಪರ ಕಂಡದ್ದೇ ಅದು ಕಂಬಕ್ಕೆ ಕುತ್ತಿಗೆ ಕೊಟ್ಟು ಉಜ್ಜತೊಡಗಿತು. ಕಟ್ಟಿದ್ದ ಬಾಳೆಕಂದು ಮುರಿದುಬಿತ್ತು. ಮದುಮಗ ಹೌಹಾರಿ ಲಗಾಮು ಹಿಡಿದುಕೊಂಡ, ಜನ ನಕ್ಕರು. ನನಗೆ ನಗು ಬರಲಿಲ್ಲ, ಜನರನ್ನು ತಳ್ಳಿಕೊಂಡು ಕುದುರೆಯ ಹತ್ತಿರ ಹೋದೆ.

"ಇಳೀಪ್ಪಾ ಕೆಳಗೆ" ಅಂದೆ. ಅವನು ಇಳಿದದ್ದೇ ಜೂಲು ಎಳೆದೆ. ಕೆಳಗೆ ಹಸಿ ಹುಣ್ಣು. ನಗುತ್ತಿದ್ದವರೆಲ್ಲ ಹಿಂದೆ ಸರಿದರು.

ನನ್ನ ಸೋದರಮಾವ ಓಡಿಬಂದರು. "ಶುಭ ಕಾಲದಲ್ಲಿ ಇದೇನೋ ನಿನ್ನ ರಂಪ? ಬೀಗರ ಮುಂದೆ ಮಾನ ಕಳೀಬೇಕು ಅಂತಲೇ ಬಂದಿದ್ದೀಯಾ?"

"ಮಾವ, ಮಾನ ಬಟ್ಟೆ ಕೆಳಗೆ ಕೊಳೀತಿದೆ, ನೋಡಿ!"

ಛತ್ರದ ಹಿಂದೆ ಸ್ನಾನದ ನೀರಿಗೆ ಇಟ್ಟಿದ್ದ ಹಂಡೆ ಮರಳುತ್ತಿತ್ತು. ಜೂಲನ್ನು ಅದರೊಳಗೆ ತುರುಕಿ ಸೌದೆಯಲ್ಲಿ ಅದುಮಿದೆ. ನೀರು ಕೆಂಪಾಯಿತು. ಕುದುರೆಯವನು ತಲೆಮೇಲೆ ಕೈಹೊತ್ತು ಕೂತ. ಅಕ್ಕ ಆ ಮದುವೆ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಹೊಸ ಅಳಿಯ ಮಾತ್ರ ಮರುದಿನ ತೊಡೆ ಕೆರೆದುಕೊಳ್ಳುತ್ತ ನನ್ನ ಪಕ್ಕ ಬಂದು, "ಇದಕ್ಕೇನಾದ್ರೂ ಮುಲಾಮು ಇದೆಯಾ?" ಅಂತ ಪಿಸುಗುಟ್ಟಿದ.

ಜೂಲು ಬಣ್ಣಗೆಟ್ಟು ಕುಗ್ಗಿಹೋಯಿತು. ಅದಿಲ್ಲದೆ ಕುದುರೆಯನ್ನು ಯಾರೂ ಕರೆಯಲಿಲ್ಲ. ನಾನು ಕುದುರೆಯವನ ಮನೆಗೇ ಹೋಗಿ ಔಷಧಿ ಹಚ್ಚಿ ಬರುತ್ತಿದ್ದೆ. ಅವನು ಮುಖ ತಿರುಗಿಸಿಕೊಂಡೇ ಕುದುರೆ ಹಿಡಿಯುತ್ತಿದ್ದ. ಆಷಾಢ ಕಳೆಯುವ ಹೊತ್ತಿಗೆ ಅದರ ಬೆನ್ನಿನ ಮೇಲೆ ಮೆತ್ತನೆಯ ಬಿಳಿ ಕೂದಲು ಚಿಗುರಿತ್ತು. ಕೈಯಿಟ್ಟರೆ ಚರ್ಮ ನಡುಗುತ್ತಿರಲಿಲ್ಲ.

ಶ್ರಾವಣದ ಮೊದಲ ಲಗ್ನಗಳು ಮುಗಿದ ಮೇಲೆ ಒಂದು ಬೆಳಗ್ಗೆ ಅವನು ಕುದುರೆ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದ. ಹೆಗಲ ಮೇಲೆ ಹೊಸ ಮಕಮಲ್ಲು, ನೀಲಿ ಬಣ್ಣದ್ದು.

"ನಿಮ್ಮ ಔಸ್ತಿ ಈಗ ಇಡೀತು ನೋಡಿ ಸಾ" ಅಂದ. ಔಷಧಿಯಂತೆ! ನನ್ನ ಮೈ ಉರಿಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಜೂಲನ್ನು ನನ್ನ ಮುಂದೆ ಚಾಚಿದ.

"ಇದ ನೀವೇ ಕುದಿಸ್ಕೊಡಿ ಸಾ. ನಾ ಒಗುದ್ರೆ ಲಚ್ಮಿ ಓಯ್ತಾಳೆ. ನೀವು ಕುದಿಸುದ್ರೆ ದೋಸ ನಿಮ್ಗೆ. ಕುದ್ರೆ ನಂಗೆ ಉಳೀತದೆ."

ಆ ವರ್ಷವಿಡೀ, ಒಂದೊಂದು ಮದುವೆ ಮುಗಿದ ಮೇಲೂ, ಹೆಂಡತಿಯ ಕೈಲಿ ಬೈಸಿಕೊಂಡು ನಮ್ಮ ಬಚ್ಚಲೊಲೆಯ ಮೇಲೆ ಆ ದೋಷವನ್ನು ಕುದಿಸಿದೆ.