ನೆಟ್ಟಗೆ ಮಾಡಿದ ಕೇಬಲ್

ಚಾಟ್ಸ್‌ವರ್ತ್‌ನ ಶೆಡ್ಡಿನಲ್ಲಿ ನನ್ನ ಕೆಲಸ ಉರುಳುಗಳನ್ನು ನೋಡಿಕೊಳ್ಳುವುದು. ಹಿತ್ತಲಿಗೆ ನುಗ್ಗಿ ಬೆಕ್ಕು, ನಾಯಿಮರಿ ಹೊತ್ತೊಯ್ಯುವ ಕಯೋಟಿಗಳನ್ನು ಹಿಡಿಯಲು ಜನ ನನ್ನ ಗಂಡನನ್ನು ಕರೆಯುತ್ತಾರೆ. ಕಯೋಟಿ ಎಂದರೆ ನಮ್ಮ ಮೈಸೂರು ಕಡೆಯ ನರಿಗಿಂತ ಸ್ವಲ್ಪ ದೊಡ್ಡದು. ಉರುಳು ಒಡ್ಡುವುದು ಅವರು, ಕೊಲ್ಲುವುದೂ ಅವರೇ. ಉಕ್ಕಿನ ಕೇಬಲ್ ಕತ್ತರಿಸಿ, ಕುಣಿಕೆ ಮಾಡಿ, ಬಿಗಿದ ಮೇಲೆ ಸಡಿಲವಾಗದಂತೆ ಹಿಡಿಯುವ ಲಾಕನ್ನು ಕೂರಿಸುವುದು ನಾನು. ನನ್ನದು ಬರೀ ಮೇಜಿನ ಕೆಲಸ ಎಂದುಕೊಂಡು ಆರಾಮಾಗಿದ್ದೆ.

ಒಮ್ಮೆ ಪ್ರಾಣಿ ಬಿದ್ದ ಕೇಬಲನ್ನು ಮತ್ತೆ ಬಳಸಬಾರದು. ಎಳೆದಾಟಕ್ಕೆ ಅದು ನುಲಿದುಹೋಗಿರುತ್ತದೆ. ಈ ನಿಯಮ ನನಗೆ ಶುದ್ಧ ದುಂದುಗಾರಿಕೆ ಅನ್ನಿಸುತ್ತಿತ್ತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನ ಅಬ್ಬ ಸೈಕಲ್ ರಿಪೇರಿ ಮಾಡುತ್ತಿದ್ದರು. ಸೊಟ್ಟಗಾದ ಬ್ರೇಕ್ ವೈರನ್ನು ಕಂಬಕ್ಕೆ ಸುತ್ತಿ, ಮೇಣ ಸವರಿ, ಹಿಂದೆ ಮುಂದೆ ಎಳೆದು ನೆಟ್ಟಗೆ ಮಾಡುವುದನ್ನು ನನಗೂ ಕಲಿಸಿದ್ದರು. ಎಸೆಯುವ ಅಭ್ಯಾಸ ನಮ್ಮ ಮನೆಯಲ್ಲೇ ಇರಲಿಲ್ಲ. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಲಾಂಗ್ ಬೀಚ್ ಬಂದರಿನ ಹೊರಗೆ ಹಡಗುಗಳು ಸಾಲುಗಟ್ಟಿ ನಿಂತು ಹೊಸ ಕೇಬಲ್ ಬರುವುದು ತಡವಾದಾಗ ನನಗೆ ಒಳಗೊಳಗೇ ಖುಷಿ. ಹಳೆಯದನ್ನೆಲ್ಲ ಶೆಡ್ಡಿನ ಪೈಪಿಗೆ ಸುತ್ತಿ ಎಳೆದೆ.

“ಹೊಸದ್ರ ಥರಾನೇ ಇದೆಯಲ್ಲ,” ಎಂದರು ಗಂಡ. ನಾನು ಹಿಗ್ಗಿಹೋದೆ.

ಗ್ಲೆಂಡೇಲ್‌ನ ಗುಡ್ಡದ ಬದಿಯ ಮನೆಯೊಂದರ ಹಿತ್ತಲಲ್ಲಿ ಅಂಥದೇ ಒಂದು ಕೇಬಲ್ ತುಂಡಾಯಿತು. ಒಳಗಿನ ಎಳೆಗಳು ಮುರಿದಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಯೋಟಿ ಕುತ್ತಿಗೆಯಲ್ಲಿ ಕುಣಿಕೆ ಹೊತ್ತುಕೊಂಡೇ ಓಡಿಹೋಯಿತು. ಸಿಕ್ಕರೆ ಕ್ಷಣದಲ್ಲಿ ಮುಗಿಸಬಹುದು. ಸಿಗದಿದ್ದರೆ ಅದು ಏನನ್ನೂ ನುಂಗಲಾಗದೆ ದಿನಗಟ್ಟಲೆ ನರಳಿ ಸಾಯುತ್ತದೆ.

ಗಂಡ ದಿನಾ ಹುಡುಕಲು ಹೋದರು. ನಾನೂ ಎರಡು ಸಲ ಡ್ರೈವ್ ಮಾಡಿಕೊಂಡು ಹೋಗಿ ಗುಡ್ಡದ ಕೆಳಗೆ ಕಾರಿನಲ್ಲಿ ಸುಮ್ಮನೆ ಕೂತು ಬಂದೆ. ಆ ಮನೆಯವರು ಒಂದು ಫೋಟೋ ಕಳಿಸಿದರು. ಕಾಂಪೌಂಡಿನ ಪಕ್ಕ ನಿಂತಿದ್ದ ಕಯೋಟಿಯ ಪಕ್ಕೆಲುಬು ಎಣಿಸಬಹುದಿತ್ತು.

ರಾತ್ರಿ ಊಟಕ್ಕೆ ಕೂತಾಗ ಮಗಳು ಫೋಟೋ ನೋಡಿ, “ಇಸ್ ಇಟ್ ಸ್ಟಿಲ್ ಅಲೈವ್?” ಎಂದು ಕೇಳಿದಳು.

“ಹುಡುಕ್ತಾ ಇದಾರೆ. ಹೇಗಿದ್ರೂ ಸಾಯೋದೇ ಆಗಿತ್ತು ಬಿಡು,” ಎಂದೆ.

ಅವಳು ತಟ್ಟೆ ಎತ್ತಿಕೊಂಡು ರೂಮಿಗೆ ಹೋದಳು. ನಾನು ಊಟ ಮುಂದುವರಿಸಿದೆ.

ಮೂರನೆಯ ವಾರ ಅದು ಮೋರಿಯ ಪೈಪಿನೊಳಗೆ ಸತ್ತು ಬಿದ್ದಿದ್ದು ಸಿಕ್ಕಿತು. ಗಂಡ ಕುಣಿಕೆಯನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಈಗ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಏನೂ ಅನ್ನಿಸಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಕೈಗಳು ಮಾತ್ರ ತಮ್ಮ ಪಾಡಿಗೆ ತಾವು ಅಂಟಿದ ಕೂದಲು ಬಿಡಿಸಿ, ಲಾಕನ್ನು ಕಳಚಿ, ಸೋಪು ಹಾಕಿ ತೊಳೆದವು. ಲಾಕು ಒಂದಿಷ್ಟೂ ಸವೆದಿರಲಿಲ್ಲ. ಹೊಸ ಕೇಬಲ್ ಆ ವಾರವೇ ಬಂದಿತ್ತು. ಅದಕ್ಕೆ ಈ ಲಾಕನ್ನು ಕೂರಿಸಿ, ಎಳೆದು ನೋಡಿ, ಗಂಡನ ಟ್ರಕ್ಕಿನಲ್ಲಿ ಇಟ್ಟೆ.