ಕೀಪರ್ ಹೇಳಿದ್ದೇ ಗೋಲು

ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯೆಂದರೆ ಮುಕ್ಕಾಲು ಪಾಲು ಸೋಲಿನ ಚರಿತ್ರೆ. ಉಳಿದ ಕಾಲು ಪಾಲು, ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ದಕ್ಕಿದ ಗೆಲುವು. ಮೈದಾನ ಒಂದು ಕಡೆಗೆ ವಾಲಿಕೊಂಡಿತ್ತು. ಗೋಲಿನ ಕಂಬಗಳಿಗೆ ಬಲೆ ಇರಲಿಲ್ಲ. ಮೊದಲ ಬಲೆಯನ್ನು ಯಾರೋ ಕೋಳಿಗೂಡಿಗೆ ಒಯ್ದ ಮೇಲೆ ಎರಡನೆಯದನ್ನು ತರುವ ಉಸಾಬರಿಗೆ ಯಾರೂ ಹೋಗಲಿಲ್ಲ. ಬಲೆಯಿಲ್ಲದ ಮೇಲೆ ಚೆಂಡು ಒಳಗೆ ಹೋಯಿತೋ ಹೊರಗೋ ಎಂಬ ಜಗಳ ತಪ್ಪುತ್ತದೆಯೇ? ಅಂಥದೊಂದು ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ ಕ್ಲಬ್ಬಿನ ಆಟಗಾರ ಕ್ಷೌರಿಕನ ಮುಂದಿನ ಹಲ್ಲು ಉದುರಿದಾಗ, ಸುತ್ತಲಿನ ಊರುಗಳೆಲ್ಲ ಒಂದು ಕಟ್ಟಳೆಗೆ ಒಪ್ಪಿದವು: ಆ ಮೈದಾನದಲ್ಲಿ ಅನುಮಾನ ಬಂದರೆ ರೆಫರಿ ಟೈಲರನ್ನು ಕೇಳಬೇಕು.

ಟೈಲರ್ ಎಂದರೆ ಕ್ಲಬ್ಬಿನ ಗೋಲ್‌ಕೀಪರ್. ತನ್ನ ಮೇಲೆ ಬಿದ್ದ ಗೋಲಿಗೆ ತಾನೇ ಸಾಕ್ಷಿ ಹೇಳುವ ಪುಣ್ಯಾತ್ಮ. ಹೇಳಿದ ದಿನಕ್ಕೆ ಒಂದು ಪ್ಯಾಂಟು ಹೊಲಿದುಕೊಟ್ಟವನಲ್ಲ. ಅಂಗಡಿಯಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಮೈದಾನದಲ್ಲಿ ಮಾತ್ರ ಅವನು "ಒಳಗೆ" ಎಂದರೆ ಮುಗಿಯಿತು.

ಈಚೆಗೆ ಸೂಜಿಗಳಿಗೆ ದಾರ ಪೋಣಿಸಿಡುವುದು ಹೆಂಡತಿಯ ಕೆಲಸವಾಗಿತ್ತು.

"ಕಣ್ಣು ಡಾಕ್ಟರಿಗೆ ತೋರಿಸ್ರೀ."

"ತೋರಿಸಿದ್ರೆ ಪೊರೆ ಅಂತಾನೆ. ಆಡ್ಬೇಡ ಅಂತಾನೆ."

"ಅನ್ಲಿ ಬಿಡಿ. ಆಡಿ ನೀವೇನು ಕಿಸಿದಿದ್ದೀರಾ?"

ಟೈಲರ್ ಮಿಷನ್ನಿನ ಪೆಡಲು ಜೋರಾಗಿ ತುಳಿದ. ಆ ಎರಡು ಕಂಬಗಳ ನಡುವಿನ ಜಾಗ ಬಿಟ್ಟರೆ, ಜನ ತನ್ನನ್ನು ತಲೆಯೆತ್ತಿ ನೋಡುವ ಜಾಗ ಲೋಕದಲ್ಲಿ ಇನ್ನೊಂದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದನ್ನು ಹೆಂಡತಿಗೆ ಹೇಳುವುದು ಹೇಗೆ?

ಆ ವರ್ಷದ ಕೊನೆಯ ಪಂದ್ಯದಲ್ಲಿ ಸೋತರೆ ಕ್ಲಬ್ಬು ಲೀಗಿನಿಂದ ಹೊರಗೆ, ಆಮೇಲೆ ಅದರ ಜೊತೆ ಆಡಲು ಯಾವ ಊರೂ ಬರುವುದಿಲ್ಲ. ಸಮ ಮಾಡಿಕೊಂಡರೂ ಸಾಕು. ಆಟ ಮುಗಿಯುವ ಹೊತ್ತಿಗೂ ಯಾರೂ ಗೋಲು ಹೊಡೆದಿರಲಿಲ್ಲ. ಇಳಿಬಿಸಿಲು ಟೈಲರನ ಮುಖಕ್ಕೆ ನೇರ ಹೊಡೆಯುತ್ತಿತ್ತು. ಮಬ್ಬಿನೊಳಗಿಂದ ಕಪ್ಪಗೆ ಏನೋ ಬಂತು, ಕಂಬದ ಹತ್ತಿರ ಸುಯ್ಯೆಂದಿತು.

"ಏನು ಟೈಲರೇ, ಒಳಗಾ ಹೊರಗಾ?" ರೆಫರಿ ಏದುಸಿರು ಬಿಡುತ್ತ ಬಂದ.

"ಕಾಣಲಿಲ್ಲ" ಎಂದರೆ ಕೀಪರ್‌ಗಿರಿಗೆ ಇವತ್ತೇ ಕೊನೆ. "ಹೊರಗೆ" ಎಂದು, ಯಾರಾದರೂ ಒಳಗೆ ಹೋದದ್ದನ್ನು ಕಂಡಿದ್ದರೆ ತಾನು ಮೋಸಗಾರ. ತನ್ನ ತಂಡದ ವಿರುದ್ಧ ಹೇಳಿದರೆ ಮಾತ್ರ ಯಾರೂ ಅನುಮಾನ ಪಡುವುದಿಲ್ಲ.

"ಒಳಗೆ," ಎಂದ ಟೈಲರ್.

ಎದುರಾಳಿ ಕ್ಯಾಪ್ಟನ್ ಓಡಿಬಂದು ತಬ್ಬಿಕೊಂಡ. "ನಿಮ್ಮಂಥೋರು ಇರೋದಕ್ಕೇ ಆಟ ಉಳಿದಿರೋದು, ಯಜಮಾನ್ರೇ!" ಕ್ಷೌರಿಕ ನೆಲಕ್ಕೆ ಕೂತು ತಲೆ ಚಚ್ಚಿಕೊಂಡ. "ಯಾರಪ್ಪಾ ಹೆತ್ರು ಈ ಹಾಳು ಸತ್ಯವಂತನ್ನ!" ಬೈಯುವಾಗಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು.

ಎಲ್ಲರೂ ಹೋದ ಮೇಲೆ ತಗಡಿನ ಶೆಡ್ಡಿನಲ್ಲಿ ಟೈಲರನ ಜೊತೆ ಉಳಿದವನು ಅವನ ಬಾಮೈದ ಒಬ್ಬನೇ. ಬೇಕರಿಯವನು, ಡೊಳ್ಳುಹೊಟ್ಟೆಯ ಡಿಫೆಂಡರ್. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತ ಕೂತಿದ್ದ.

"ಭಾವ, ಚೆಂಡು ಒಂದು ಗೇಣು ಹೊರಗಿತ್ತು."

ಟೈಲರ್ ಗ್ಲೌಸಿನ ಮಣ್ಣು ಕೊಡವಿದ.

"ನಾನು ಕಂಬಕ್ಕೆ ಒರಗ್ಕೊಂಡೇ ನಿಂತಿದ್ದೆ."

"ಮತ್ತೆ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ನಿನ್ನ ಮಾತಿನ ಮೇಲೆ ಮಾತಾಡಿ ಯಾರಿಗೆ ಅಭ್ಯಾಸ? ನನ್ನ ಕಣ್ಣೇ ಕೆಟ್ಟಿದೆಯೇನೋ ಅಂದ್ಕೊಂಡೆ."

ಹೊರಗೆ ಯಾರೋ ಮೈದಾನದ ಮೂಲೆಯ ಬಾವುಟ ಕೀಳುತ್ತಿದ್ದರು.

"ನಿನ್ನ ಕಣ್ಣು ಸರಿಯಾಗೇ ಇದೆ ಕಣೋ," ಎಂದ ಟೈಲರ್. ಗ್ಲೌಸು ಬಿಚ್ಚಿ ಬಾಮೈದನ ತೊಡೆಯ ಮೇಲಿಟ್ಟ. "ಮುಂದಿನ ಭಾನುವಾರದಿಂದ ಗೋಲಲ್ಲಿ ನೀನೇ ನಿಲ್ಲು."

ಬಾಮೈದ ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮುಂದಿನ ಭಾನುವಾರ ನಮ್ಮ ಜೊತೆ ಆಡೋರು ಯಾರಿದ್ದಾರೆ, ಭಾವ?"