ಸಾಧನೆಗಳ ಪಟ್ಟಿಯಲ್ಲೊಂದು ತಪ್ಪು

ವಿದ್ವಾಂಸನಾದವನು ತನ್ನ ವಿಷಯವನ್ನು ತಾನೇ ಬರೆಯಲು ಕುಳಿತನೆಂದರೆ ತಟ್ಟನೆ ಇನ್ನೊಬ್ಬನಾಗಿಬಿಡುತ್ತಾನೆ. ಇದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ನೆಗಡಿ ಬಂದಾಗ ‘ನನಗ ನೆಗಡಿ ಆಗೇದ’ ಎಂದು ಓಣಿಗೆಲ್ಲ ಕೇಳುವಂತೆ ಸಾರುವ ಮನುಷ್ಯನೇ, ಗದಗಿನಲ್ಲಿ ಒಂದು ಭಾಷಣ ಮಾಡಿ ಬಂದ ಮೇಲೆ ‘ಶ್ರೀಯುತರು ಅಲ್ಲಿಯ ವಿದ್ವಜ್ಜನರ ಒತ್ತಾಯಕ್ಕೆ ಮಣಿದು ಉಪನ್ಯಾಸವಿತ್ತರು’ ಎಂದು ಬರೆಯುತ್ತಾನೆ. ನೆಗಡಿಗೆ ‘ನಾನು’, ಕೀರ್ತಿಗೆ ‘ಶ್ರೀಯುತರು’. ಇದನ್ನು ಪರನಿಂದೆಯೆಂದು ತಿಳಿಯಬೇಡಿ. ಅಂಥ ವಾಕ್ಯಗಳನ್ನು ಆರು ವರ್ಷ ಕಲೆಹಾಕಿದವನು ನಾನೇ; ಅವುಗಳಲ್ಲಿ ಅತಿ ಉದ್ದದ ಕೆಲವನ್ನು ರಚಿಸಿದ ಶ್ರೀಯುತನೂ ನಾನೇ.

ಮೂವತ್ತರ ದಶಕದ ಮಾತು. ಧಾರವಾಡದ ಒಂದು ಕಾಲೇಜಿನಲ್ಲಿ ಆಗ ಸಂಸ್ಕೃತ ಕಲಿಸುತ್ತಿದ್ದೆ. ವಿಶ್ವವಿದ್ಯಾಲಯವಿದ್ದುದು ದೂರದ ಮುಂಬಯಿಯಲ್ಲಿ. ಇಲ್ಲಿ ನಾವು ಬರಿದೆ ಚಹಾ ಕುಡಿದು, ಮಳೆಯನ್ನು ಹೊಗಳಿ ಕಾಲ ಕಳೆಯುತ್ತಿಲ್ಲ ಎಂಬುದು ಅಲ್ಲಿಯವರಿಗೆ ತಿಳಿಯಬೇಕಲ್ಲ. ಅದಕ್ಕಾಗಿ ಕಾಲೇಜಿನ ವಾರ್ಷಿಕ ಸಂಚಿಕೆಯ ಕೊನೆಗೆ ‘ನಮ್ಮ ಅಧ್ಯಾಪಕರ ಇತ್ತೀಚಿನ ಸಾಧನೆಗಳು’ ಎಂಬ ಪಟ್ಟಿ ಅಚ್ಚಾಗುತ್ತಿತ್ತು; ಅದನ್ನು ಕೂಡಿಸುವ ಕೆಲಸ ನನ್ನದು. ಅದಕ್ಕೊಂದು ಪದ್ಧತಿ. ಕೆಂಪು ಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕವನ್ನು ಜವಾನ ಹುಸೇನಸಾಬ ಹಿರಿತನದ ಕ್ರಮದಲ್ಲಿ ಒಬ್ಬೊಬ್ಬರ ಮನೆಗೆ ಒಯ್ಯುವನು. ಅವರು ಒಂದು ದಿನ ಇಟ್ಟುಕೊಂಡು ತಮ್ಮ ಸಾಧನೆಯನ್ನು ತಾವೇ ಬರೆದು ಕಳಿಸುವರು. ಪ್ರತಿಯೊಬ್ಬನೂ ತನಗಿಂತ ಮೇಲಿನವರು ಬರೆದದ್ದನ್ನು ಓದಿಯೇ ಬರೆಯುವುದರಿಂದ ಸಾಧನೆಗಳು ಕೆಳಗಿಳಿದಂತೆಲ್ಲ ಬೆಳೆಯುತ್ತಿದ್ದವು.

ಗಣಿತದವರು ‘ಪಾಶ್ಚಾತ್ಯ ಪಂಡಿತರೊಡನೆ ಪತ್ರವ್ಯವಹಾರ’ ಎಂದು ಬರೆದಿದ್ದರು. ‘ನಿಮ್ಮ ಕಾಗದ ತಲುಪಿತು’ ಎಂಬ ಒಂದೇ ಸಾಲಿನ ಆ ವ್ಯವಹಾರವನ್ನು ನಾನು ಕಣ್ಣಾರೆ ಕಂಡಿದ್ದೆ. ಸಸ್ಯಶಾಸ್ತ್ರದವರು ರೈಲು ಕೆಟ್ಟು ನಿಂತಾಗ ಹಳಿಯ ಪಕ್ಕದಲ್ಲಿ ಕಿತ್ತ ಒಂದು ಹುಲ್ಲು ‘ಕ್ಷೇತ್ರಕಾರ್ಯದಲ್ಲಿ ಲಭಿಸಿದ ಅಪೂರ್ವ ಪ್ರಭೇದ’ವಾಗಿ ಮೆರೆಯಿತು. ನನ್ನದೋ? ಪ್ರಾಚೀನ ನಾಟಕಗಳಲ್ಲಿ ಛತ್ರಿಯ ಪ್ರಯೋಗವನ್ನು ಕುರಿತು ಒಂದು ಪ್ರಬಂಧ ಓದಿದ್ದೆ. ಏಳು ಜನ ಶ್ರೋತೃಗಳು, ಅವರಲ್ಲಿ ಇಬ್ಬರು ಮಳೆ ನಿಲ್ಲಲೆಂದು ಒಳಗೆ ಬಂದವರು. ಅದನ್ನು ನಾನು ಎರಡು ವರ್ಷ, ಎರಡು ಬೇರೆ ಶೀರ್ಷಿಕೆಗಳಲ್ಲಿ ಪಟ್ಟಿಗೆ ಸೇರಿಸಿದೆ. ಬರೆಯುತ್ತಿದ್ದಾಗ ಹೆಗಲ ಮೇಲಿಂದ ಇಣುಕಿದ ನನ್ನ ಹೆಂಡತಿ, “ನಾಟಕದಾಗಿನ ಛತ್ರಿ ಎಲ್ಲಾ ಸಿಕ್ಕಾವ ನಿಮಗ. ಮನ್ಯಾಗಿಂದು ಎಲ್ಲದ, ಅದನ್ನೂ ಒಂದು ಸಾಲು ಬರೀರಿ” ಎಂದಳು. ನಮ್ಮ ಮನೆಯ ಛತ್ರಿ ಕಾಣೆಯಾಗಿ ಆಗ ಮೂರು ವಾರವಾಗಿತ್ತು.

ಪಟ್ಟಿಯ ಕೊನೆಯಲ್ಲಿದ್ದವರು ಇತಿಹಾಸದ ಶಿವಲಿಂಗಪ್ಪನವರು. ನಮ್ಮೆಲ್ಲರಲ್ಲಿ ಕಿರಿಯರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಊಟದ ಡಬ್ಬಿ, ದಿನಾಲು ಹುಬ್ಬಳ್ಳಿಯಿಂದ ಬೆಳಗಿನ ರೈಲಿಗೆ ಬರುವರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಂದೆ ವೀರಪ್ಪ ಸಾವಕಾರರು ಹುಬ್ಬಳ್ಳಿಯಲ್ಲಿ ಹೆಸರಾದ ಹತ್ತಿಯ ವ್ಯಾಪಾರಿ. ಮಗ ಹತ್ತಿ ಬಿಟ್ಟು ಕಲ್ಲು ಓದುವುದನ್ನು ಅವರು ಎರಡು ವರ್ಷದ ಮಟ್ಟಿಗೆ ಮಾತ್ರ ಒಪ್ಪಿದ್ದರು. ಅಷ್ಟರೊಳಗೆ ಕಾಯಂ ಆದರೆ ಸರಿ, ಆಗದಿದ್ದರೆ ಕಾಲೇಜು ಬಿಟ್ಟು ಅಂಗಡಿಯ ಗಾದಿಗೆ ಬರಬೇಕು. ಎರಡನೆಯ ವರ್ಷ ಆಗಲೇ ಮುಗಿಯುತ್ತ ಬಂದಿತ್ತು.

ನಾವಾರೂ ಚಿಂತಿಸಿರಲಿಲ್ಲ, ಯಾಕೆಂದರೆ ಅವರ ಸಾಧನೆ ನಮ್ಮೆಲ್ಲರದಕ್ಕಿಂತ ನಿಜವಾದದ್ದಾಗಿತ್ತು. ರಾಯಾಪುರದ ಆಚೆ, ಒಂದು ಕೆರೆಯ ದಂಡೆಯ ಹೊಲದಲ್ಲಿ ಆಳೆತ್ತರದ ಶಾಸನವೊಂದನ್ನು ಅವರು ಹಿಂದಿನ ವರ್ಷ ಓದಿ, ಆ ಕೆರೆಯನ್ನು ಕಟ್ಟಿಸಿದವಳು ಒಬ್ಬ ರಾಣಿಯೆಂದು ಸಾಧಿಸಿ ತೋರಿಸಿ, ಒಂದು ದೊಡ್ಡ ಸಂಶೋಧನ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಮುಂಬಯಿಯ ಪಂಡಿತರು ಅದನ್ನು ಹೊಗಳಿದ್ದರು. ಕಾಯಂ ಆಗುವುದಕ್ಕೆ ಆ ಲೇಖನವೊಂದೇ ಸಾಕೆಂದು ನಮ್ಮ ಪ್ರಾಚಾರ್ಯರೂ ಬಾಯಿಬಿಟ್ಟು ಹೇಳಿದ್ದರು.

ಆ ವರ್ಷ ಕೆಂಪು ಪುಸ್ತಕ ಎಲ್ಲರ ಮನೆ ಸುತ್ತಿ ನನ್ನ ಮೇಜಿಗೆ ಮರಳಿದಾಗ ಕೊನೆಯ ಪುಟದಲ್ಲಿ ನಾನು ಕಂಡದ್ದು ಇದು: ‘ಕಳೆದ ವರ್ಷದ ನನ್ನ ಲೇಖನದಲ್ಲಿ ಮೂರನೆಯ ಹಾಳೆ ಬೇರೊಂದು ಕಲ್ಲಿನದು. ಕೆರೆ ಕಟ್ಟಿಸಿದವಳು ರಾಣಿಯಲ್ಲ, ಗಾಣಿಗರ ಕಾಳವ್ವೆ. ತಪ್ಪು ನನ್ನದು.’

ಆರು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಯಾರೂ ‘ನನ್ನದು’ ಎಂದು ಬರೆದಿರಲಿಲ್ಲ. ನಾನು ಗಾಬರಿಯಾದೆ; ಗಾಬರಿಗಿಂತ ಹೆಚ್ಚಾಗಿ ಕುತೂಹಲ. ಓದಿದವನೊಬ್ಬ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳುವುದು ಹೇಗೆ? ಅವರನ್ನು ಕರೆದು ಕೇಳಿದೆ.

ಶಾಸನದ ಪ್ರತಿ ತೆಗೆಯುವ ರೀತಿ ಹೀಗಂತೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅಂಟಿಸಿ, ಅಕ್ಷರದ ತಗ್ಗುಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಮಸಿ ಒತ್ತಬೇಕು. ಒಣಗಿದ ಮೇಲೆ ಬಿಡಿಸಬೇಕು. ಕಲ್ಲು ದೊಡ್ಡದಾದರೆ ನಾಲ್ಕೈದು ಹಾಳೆ ಬೇಕಾಗುತ್ತವೆ. ಒದ್ದೆ ಕಾಗದದ ಮೇಲೆ ಪೆನ್ಸಿಲು ಏಳುವುದಿಲ್ಲವಾದ್ದರಿಂದ ಇವರು ಹಾಳೆಗಳಿಗೆ ಅಂಕಿ ಹಾಕಿದ್ದು ಮನೆಗೆ ಹೋದ ಮೇಲೆ, ನೆನಪಿನಿಂದ. ಅದೇ ಹೊಲದ ಹುಲ್ಲಿನಲ್ಲಿ ಅದೇ ಕಾಲದ ಇನ್ನೊಂದು ಕಲ್ಲು ಬಿದ್ದಿತ್ತು; ಅದರ ಪ್ರತಿಯನ್ನೂ ಅದೇ ದಿನ ತೆಗೆದಿದ್ದರು. ಅದರದೊಂದು ಹಾಳೆ ಇದರೊಳಗೆ ಸೇರಿತು. ಅಲ್ಲಿಗೆ ಕಾಳವ್ವೆಯ ಕೆರೆ ರಾಣಿಯ ಪಾಲಿಗೆ ಹೋಯಿತು.

“ಆದರ ನಿಮಗ ಗೊತ್ತಾತು ಹ್ಯಾಂಗ?” ಎಂದೆ.

“ಹುಡುಗರಿಗೆ ಕಲ್ಲು ತೋರಸಾಕ ಕರಕೊಂಡು ಹೋಗಿದ್ದೆರಿ. ಇದು ರಾಣಿ ಕಟ್ಟಿಸಿದ ಕೆರಿ ಅಂತ ಹೇಳಾಕತ್ತಿದ್ದೆ. ಅಲ್ಲೇ ಅರಿವಿ ಒಗ್ಯಾಕತ್ತ ಒಬ್ಬಾಕಿ ಮುದುಕಿ ನಕ್ಕಳ್ರಿ. ‘ರಾಣಿ ಯಾಕ ಬಂದಾಳೋ ಯಪ್ಪಾ ಇಲ್ಲಿ? ಇದು ಕಾಳವ್ವನ ಕೆರಿ. ನಮ್ಮತ್ತಿ, ಆಕಿ ಅತ್ತಿ, ಎಲ್ಲಾರೂ ಹಂಗ ಅಂತಿದ್ರು’ ಅಂದಳು. ಹುಡುಗರು ನಕ್ಕರು. ನನಗ ಮಾತ್ರ ನಗಿ ಬರಲಿಲ್ರಿ.”

ಮುಂದಿನ ರವಿವಾರ ಅವರು ಹಾಳೆಗಳನ್ನು ಒಯ್ದು ಒಂದೊಂದನ್ನೇ ಕಲ್ಲಿಗೆ ಹಿಡಿದು ನೋಡಿದರು. ಮೂರನೆಯ ಹಾಳೆಯಲ್ಲಿ ಅಂಗೈಯಷ್ಟು ಚಕ್ಕೆ ಎದ್ದ ಗುರುತಿತ್ತು; ನಿಂತ ಕಲ್ಲು ಅಲ್ಲಿ ಅಖಂಡವಾಗಿತ್ತು, ಗಾಣಿಗರ ಕಾಳವ್ವೆಯ ಹೆಸರೂ ಅಲ್ಲೇ ಇತ್ತು. ಚಕ್ಕೆ ಎದ್ದಿದ್ದು ಹುಲ್ಲಿನಲ್ಲಿ ಬಿದ್ದ ಕಲ್ಲಿಗೆ. ಆ ಹೊತ್ತಿಗೆ ಲೇಖನ ಅಚ್ಚಾಗಿ ವರ್ಷವಾಗಿತ್ತು. ಸಂಶೋಧನ ಪತ್ರಿಕೆಗೂ ಅವರು ಕಾಗದ ಹಾಕಿದ್ದರು. ಅದರ ಮುಂದಿನ ಸಂಚಿಕೆ ಬರುವುದಕ್ಕೆ ಇನ್ನೂ ಆರು ತಿಂಗಳಿತ್ತು.

“ಇದು ಸಾಧನೆಗಳ ಪಟ್ಟಿ. ಇದೇನು ಸಾಧನೇನ?” ಎಂದು ಕೇಳಿದೆ.

“ಈ ವರ್ಷ ನಾ ಕಲತದ್ದು ಇದೊಂದರಿ ಸರ್. ಉಳದದ್ದೆಲ್ಲಾ ಮೊದಲ ಗೊತ್ತಿತ್ತು” ಎಂದು ಹೇಳಿ ರೈಲಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಆಮೇಲೆ ನಾನು ಮಾಡಿದ ಕೆಲಸವನ್ನು ಆಗ ದಯೆ ಎಂದುಕೊಂಡಿದ್ದೆ. ಆ ಮೂರು ವಾಕ್ಯಗಳ ಮೇಲೆ ಗೀಟು ಎಳೆದು, ಪಕ್ಕದಲ್ಲಿ ನನ್ನ ದುಂಡಕ್ಷರದಿಂದ ‘ಶ್ರೀಯುತರ ಶಾಸನಲೇಖನವು ವಿದ್ವಜ್ಜನರ ಮನ್ನಣೆಗೆ ಪಾತ್ರವಾಗಿ ಮುಂದುವರಿದಿದೆ’ ಎಂದು ಬರೆದೆ. ಪಟ್ಟಿಯ ಒಂದು ಪ್ರತಿ ಆಡಳಿತ ಮಂಡಳಿಗೆ ಹೋಯಿತು. ಹದಿನೈದು ದಿನಗಳಲ್ಲಿ ಶಿವಲಿಂಗಪ್ಪನವರನ್ನು ಕಾಯಂ ಮಾಡಿದ ಹುಕುಮು ಬಂತು. ಅವರು ನನ್ನ ಬಳಿಗೆ ಬಂದು, “ತಪ್ಪು ಒಪ್ಪಿದ್ರೂ ತಗೊಂಡ್ರು ನೋಡ್ರಿ, ಎಷ್ಟು ದೊಡ್ಡ ಮಂದಿ” ಎಂದು ಕಣ್ಣು ತುಂಬಿಕೊಂಡರು. ನಾನು ಹೂಂ ಎಂದೆ. ನನ್ನ ಜೀವಮಾನದ ಅತ್ಯಂತ ಕ್ಷುದ್ರವಾದ ಅಕ್ಷರ ಅದು.

ಸಂಚಿಕೆ ಅಚ್ಚಾಗಿ ಬಂದ ದಿನ ಅವರು ಅದನ್ನು ತೆರೆದು ನಿಂತಲ್ಲೇ ಓದಿದರು. ನನ್ನ ಕಡೆಗೊಮ್ಮೆ ನೋಡಿದರು. “ನನ್ನ ಸಾಲು ಎಲ್ಲಿ ಹೋತ್ರಿ?” ಎಂದರು. ಅವರ ಹಿತಕ್ಕಾಗಿ ಎಂದೇನೋ ನಾನು ತೊದಲಿದೆ. ಅವರು ಜಗಳವಾಡಲಿಲ್ಲ, ನೆಟ್ಟಗೆ ಪ್ರಾಚಾರ್ಯರ ಕೋಣೆಗೆ ಹೋಗಿ ತಪ್ಪನ್ನು ಹೇಳಿಬಿಟ್ಟರು. ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂದು ಪ್ರಾಚಾರ್ಯರು ಕೇಳಿದ್ದಕ್ಕೆ ಇವರು ‘ಮೊದಲೇ ನಿಮಗೆ ನೇರವಾಗಿ ಹೇಳಬೇಕಾಗಿತ್ತು’ ಎಂದರಂತೆ. ನನ್ನ ಹೆಸರನ್ನು ಎತ್ತಲಿಲ್ಲ. ಸಂಜೆಯೊಳಗೆ ಅಧ್ಯಾಪಕರ ಕೋಣೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು: “ಕಾಯಂ ಆಗೂತನಕಾ ಬಾಯಿ ಮುಚ್ಚಿಕೊಂಡಿದ್ದು, ಆದಮ್ಯಾಲೆ ಹರಿಶ್ಚಂದ್ರ ಆದ್ರು.” ಆಡಿದವರು ಗಣಿತದವರು, ನಕ್ಕವರು ಉಳಿದವರು. ನಾನು ನಗಲಿಲ್ಲ, ಆದರೆ ಬಾಯಿಯನ್ನೂ ತೆರೆಯಲಿಲ್ಲ. ಹುಕುಮನ್ನು ರದ್ದುಮಾಡಿ ಅವರನ್ನು ಮನೆಗೆ ಕಳಿಸುವ ಮಾತು ನಡೆದಿತ್ತು.

ಮೂರನೆಯ ದಿನ, ಸುದ್ದಿ ವಕ್ರವಾಗಿ ಮುಟ್ಟುವ ಮೊದಲು ತಂದೆಗೆ ತಿಳಿಸೋಣವೆಂದು ಹುಬ್ಬಳ್ಳಿಗೆ ಹೋದೆ. ವೀರಪ್ಪ ಸಾವಕಾರರು ಅಂಗಡಿಯಲ್ಲಿ ಹೊಲಿದಿಟ್ಟ ಅಂಡಿಗೆಗಳ, ಅಂದರೆ ಹತ್ತಿಯ ಮೂಟೆಗಳ, ನಡುವೆ ಗಾದಿಯ ಮೇಲೆ ಕುಳಿತು, ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದು ಎಳೆಯ ಉದ್ದ ನೋಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು, ಎಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

“ಎರಡು ಊರಿನ ಹತ್ತಿ ಒಂದ ಅಂಡಿಗ್ಯಾಗ ತುಂಬಿದ್ರ ಪ್ಯಾಟ್ಯಾಗ ನಮ್ಮನ್ನ ಯಾರೂ ನಿಂದರಸಂಗಿಲ್ರಿ” ಎಂದರು. “ನನ್ನ ಮಗಾ ಗೊತ್ತಿಲ್ದ ತುಂಬಿದಾ, ಗೊತ್ತಾದ ಕೂಡ್ಲೆ ಅಂಡಿಗಿ ಬಿಚ್ಚಿ ತೋರಿಸಿದಾ. ನೀವು ಮತ್ತ ಹೊಲದ್ರಿ. ಯಾಕ್ರಿ?”

ಮಗನನ್ನು ಏನು ಮಾಡುವಿರೆಂದು ಮೆಲ್ಲಗೆ ಕೇಳಿದೆ. “ಎರಡು ವರ್ಷ ಅಂದೇನಿ. ಕಾಯಂ ಇಲ್ಲಂದ್ರ ಅಂಗಡಿ. ಮಾತಂದ್ರ ಮಾತು” ಎಂದು ಮತ್ತೊಂದು ಚಿಟಿಕೆ ಹತ್ತಿ ತೆಗೆದುಕೊಂಡರು.

ಮರುದಿನ ಕೆಂಪು ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಪ್ರಾಚಾರ್ಯರ ಮುಂದೆ ನಿಂತೆ. ಗೀಟು ಎಳೆದ ಸಾಲುಗಳನ್ನೂ ಪಕ್ಕದ ದುಂಡಕ್ಷರವನ್ನೂ ತೋರಿಸಿದೆ. ಅವರು ಮಿತಭಾಷಿ, ನ್ಯಾಯವಂತ. ಬಹಳ ಹೊತ್ತು ಓದಿ, “ಈ ಮೂರು ಸಾಲು ಓದಿದ್ರ ನಾನು ಮಂಡಳಿ ಮುಂದ ಅವರ ಪರವಾಗಿ ವಾದಾ ಮಾಡತಿದ್ದೆ. ನೀವು ನನಗ ಆ ಅವಕಾಶಾನ ಕೊಡಲಿಲ್ಲ” ಎಂದರು. ತೀರ್ಮಾನ ಅಂದೇ ಆಯಿತು. ಶಿವಲಿಂಗಪ್ಪನವರ ಮೇಲೆ ಕಪಟದ ಆರೋಪ ಇಲ್ಲ. ಆದರೆ ಕಾಯಂ ಮಾಡಿದ ಹುಕುಮು ಆ ಲೇಖನದ ಮೇಲೆ ನಿಂತದ್ದರಿಂದ ಅದು ರದ್ದು. ಮತ್ತೊಂದು ವರ್ಷ ಹಂಗಾಮಿಯಾಗಿ ಮುಂದುವರಿಯಬಹುದು. ನನ್ನಿಂದ ಪಟ್ಟಿಯ ಕೆಲಸವನ್ನು ಕಿತ್ತುಕೊಂಡರು. ಸಂಚಿಕೆಯ ಎಲ್ಲ ಪ್ರತಿಗಳಲ್ಲಿ ಆ ಪುಟಕ್ಕೆ ತಿದ್ದುಪಡಿಯ ಚೀಟಿ ಅಂಟಿಸಬೇಕು, ಅಂಟಿಸುವ ಕೆಲಸ ನನ್ನದು.

ಚೀಟಿಯಲ್ಲಿ ಅವರ ಮೂರು ವಾಕ್ಯಗಳಿದ್ದವು. ಕೆಳಗೆ ನನ್ನದೊಂದು: ‘ಮೇಲಿನ ಮಾತುಗಳನ್ನು ಲೇಖಕರು ಮೊದಲೇ ಬರೆದುಕೊಟ್ಟಿದ್ದರು, ಹೊಡೆದುಹಾಕಿದವನು ನಾನು.’ ‘ಶ್ರೀಯುತರು’ ಎಂಬ ಶಬ್ದ ಎಷ್ಟು ಬೆಚ್ಚಗಿನ ಹೊದಿಕೆಯೆಂಬುದು ಅದಿಲ್ಲದೆ ಒಂದು ವಾಕ್ಯ ಬರೆದಾಗಲೇ ನನಗೆ ತಿಳಿಯಿತು. ಗಾಣಿಗರ ಕಾಳವ್ವೆ ಕೆರೆ ಕಟ್ಟಿಸಿ ತನ್ನ ಹೆಸರನ್ನು ಒಂದು ಕಲ್ಲಿನ ಮೂಲೆಯಲ್ಲಿ ಬರೆಸಿದಳು. ಅದನ್ನು ಇಷ್ಟು ಶತಮಾನ ಕಾಯ್ದದ್ದು ಅರಿವೆ ಒಗೆಯುವ ಸೊಸೆಯಂದಿರು. ನಾವು ಓದಿದವರು ಒಂದು ಹಾಳೆಯಿಂದ ಅದನ್ನು ಅಳಿಸಿಬಿಡುತ್ತಿದ್ದೆವು.

ರವಿವಾರ ಮುಂಜಾನೆ ಗ್ರಂಥಾಲಯದಲ್ಲಿ ಸಂಚಿಕೆಗಳ ರಾಶಿಯ ಮುಂದೆ ನಾನು ಕುಳಿತೆ. ಬೇಡವೆಂದರೂ ಶಿವಲಿಂಗಪ್ಪನವರು ಬಂದು ಎದುರಿಗೆ ಕುಳಿತರು. ಅವರು ಗೋಂದು ಸವರುವುದು, ನಾನು ಚೀಟಿ ಒತ್ತುವುದು. ಎರಡು ವರ್ಷದ ಗಡುವು ಆ ವಾರವೇ ಮುಗಿಯುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಹುಸೇನಸಾಬ, “ಬರ್ರಿ ಸಾವಕಾರ್ರ, ಇಲ್ಲೇ ಅದಾರ” ಎನ್ನುವುದು ಕೇಳಿಸಿತು. ವೀರಪ್ಪ ಸಾವಕಾರರು, ಜರಿಯಂಚಿನ ರುಮಾಲು ಸುತ್ತಿ, ಮೊದಲ ಸಲ ನಮ್ಮ ಕಾಲೇಜಿನ ಹೊಸ್ತಿಲು ದಾಟಿ ಬಂದರು. ಮಗನ ಕೈಯೊಳಗಿನ ಬ್ರಷ್ಷು ನಿಂತಿತು. ಕರೆದುಕೊಂಡು ಹೋಗಲು ಬಂದರೆಂದೇ ನಾನು ತಿಳಿದೆ.

ಅವರು ಒಂದು ಚೀಟಿಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತುಟಿಯಾಡಿಸುತ್ತ ಅಕ್ಷರ ಅಕ್ಷರವಾಗಿ ಕೊನೆಯವರೆಗೂ ಓದಿದರು. ನಾನು ಬರೆದ ಸಾಲಿಗೆ ಬಂದಾಗ ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಮಗನಿಗೆ ಹೇಳಿದರು:

“ಎರಡು ವರ್ಷ ಅಂದಿದ್ದೆ ನಾ. ಅದು ತಪ್ಪಾತು ತಗೋ. ಅದರ ಮ್ಯಾಲೂ ಒಂದು ಚೀಟಿ ಹಚ್ಚು.”

ಶಿವಲಿಂಗಪ್ಪನವರು ಏಳಲು ಹೋದರು. ಸಾವಕಾರರು ರುಮಾಲು ತೆಗೆದು ಮೇಜಿನ ಮೇಲಿಟ್ಟು, ಕೋಟಿನ ತೋಳು ಏರಿಸಿ, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಗೋಂದಿನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.